ತಾರಸಿಯ ಕಾವಿಗೆ ತೆಂಗಿನ ನಾರೋ, ಭತ್ತದ ಹೊಟ್ಟೋ, ಕಬ್ಬಿನ ಸಿಪ್ಪೆಯೋ?

ಮೈಸೂರು, ಮಂಡ್ಯ ಕಡೆ ಮನೆ ಬಿಸಿಯಾಗುವುದು ಮುಖ್ಯವಾಗಿ ಮೇಲಿಂದ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಗಿಂತ ತಾರಸಿಗೆ ಬೀಳುವ ಬಿಸಿಲೇ ಜಾಸ್ತಿ. ಐದು ಇಂಚಿನ ಮೋಲ್ಡ್, ಅಂದರೆ ಕಾಂಕ್ರೀಟಿನ (ಆರ್‌ಸಿಸಿ) ಚಾವಣಿ, ಹಗಲೆಲ್ಲ ಆ ಕಾವು ಕುಡಿದು, ಸಂಜೆ ಮೇಲೆ ಒಳಗೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಮಹಡಿಯ ಕೋಣೆಯಲ್ಲಿ ರಾತ್ರಿ ಹನ್ನೊಂದಾದರೂ ನಿದ್ದೆ ಹತ್ತುವುದಿಲ್ಲ, ಅಲ್ವಾ?

ಇದಕ್ಕೆ ಥರ್ಮೋಕೋಲ್, ಗಾಜಿನ ಎಳೆಯ ಗ್ಲಾಸ್ ವೂಲ್ ಬೇಡ, ನಮ್ಮ ಸುತ್ತಮುತ್ತ ಬೆಳೆಯುವ ವಸ್ತುವೇ ಇರಲಿ ಎನ್ನುವವರು ಈಗ ಕಾಣಸಿಗುತ್ತಾರೆ. ನನಗೂ ಅದೇ ಆಸೆ. ಸುತ್ತ ಭತ್ತದ ಗದ್ದೆ, ಕಬ್ಬಿನ ಗದ್ದೆ, ತೆಂಗಿನ ತೋಟ ಇಟ್ಟುಕೊಂಡು ಕೋಣೆ ತಂಪಾಗಿಸಲು ಪೆಟ್ರೋಲಿಯಂನಿಂದ ಮಾಡಿದ ಹಾಳೆ ತರುವುದು ಮನಸ್ಸಿಗೆ ಒಗ್ಗುವುದಿಲ್ಲ. ಆದರೆ ಬೆಳೆಯಿಂದ ಬಂದ ವಸ್ತು ಅಂದಮಾತ್ರಕ್ಕೆ ಎಲ್ಲಿ ಹಾಕಿದರೂ ನಡೆಯುತ್ತದೆ ಅಂತಲ್ಲ. ಒಂದೊಂದಕ್ಕೂ ಅದರದೇ ಜಾಗ ಇದೆ. ಜಾಗ ತಪ್ಪಿದರೆ ಎರಡು ಮಳೆಗಾಲದಲ್ಲಿ ಬೂಷ್ಟು, ಆಮೇಲೆ ಗೆದ್ದಲು.

ಅಂಕಿ ನೋಡಿ, ಆದರೆ ಅಂಕಿಯನ್ನೇ ನೋಡಬೇಡಿ

ಒಂದು ವಸ್ತುವಿನ ಒಳಗಿಂದ ಶಾಖ ಎಷ್ಟು ಸಲೀಸಾಗಿ ಹಾಯುತ್ತದೆ ಅನ್ನುವುದಕ್ಕೆ ಕೆ-ವ್ಯಾಲ್ಯೂ ಅಂತ ಒಂದು ಅಂಕಿ ಇದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಆರ್‌ಸಿಸಿಗೆ ಅದು ಸುಮಾರು 1.58. ಥರ್ಮೋಕೋಲಿಗೆ 0.035ರ ಆಸುಪಾಸು, ಗ್ಲಾಸ್ ವೂಲ್‌ಗೂ ಹೆಚ್ಚುಕಡಿಮೆ ಅಷ್ಟೇ. ತೆಂಗಿನ ನಾರಿನ ಹಗುರ ಬೋರ್ಡಿಗೆ 0.04ರಿಂದ 0.05. ಕಬ್ಬಿನ ಸಿಪ್ಪೆಯ ಹಗುರ ಬೋರ್ಡು, ಸಡಿಲವಾಗಿ ತುಂಬಿದ ಭತ್ತದ ಹೊಟ್ಟು, ಎರಡೂ 0.05ರ ಹತ್ತಿರ. ಬಿಗಿಯಾಗಿ ಕಟ್ಟಿದ ಹುಲ್ಲಿನ ಪೆಂಡಿ 0.05ರಿಂದ 0.07. ಮರದ ಎಳೆಗೆ ಸಿಮೆಂಟ್ ಸೇರಿಸಿ ಮಾಡುವ ವುಡ್ ವೂಲ್ ಬೋರ್ಡ್ 0.07ರಿಂದ 0.09.

ನೋಡಿ, ಸಿಮೆಂಟ್ ಸೇರಿದ್ದನ್ನು ಬಿಟ್ಟರೆ ಉಳಿದವುಗಳ ನಡುವೆ ಅಂಥ ದೊಡ್ಡ ಅಂತರವೇ ಇಲ್ಲ. ಯಾಕಂದರೆ ಇವೆಲ್ಲದರಲ್ಲೂ ಶಾಖ ತಡೆಯುವುದು ನಾರಲ್ಲ, ನಾರಿನ ನಡುವೆ ಅಲುಗಾಡದೆ ನಿಂತ ಗಾಳಿ. ನಿಂತ ಗಾಳಿಯ ಅಂಕಿ 0.025. ಅದೇ ಜಾಗಕ್ಕೆ ನೀರು ಹೊಕ್ಕರೆ? ನೀರಿನ ಅಂಕಿ 0.6. ಅಂದರೆ ಇಪ್ಪತ್ತು ಪಟ್ಟಿಗೂ ಜಾಸ್ತಿ. ಒದ್ದೆಯಾದ ಬೋರ್ಡು ಇದ್ದೂ ಇಲ್ಲದ ಹಾಗೆ. ಹಾಗಾಗಿ ನಾನು ಮೊದಲು ಕೇಳುವುದು ಕೆ-ವ್ಯಾಲ್ಯೂ ಅಲ್ಲ, "ಇದು ಎಲ್ಲಿ ಕೂರುತ್ತದೆ, ಅಲ್ಲಿ ಒಣಗಿರುತ್ತದಾ?" ಅಂತ.

ದಪ್ಪ ಎಷ್ಟು ಬೇಕು ಅನ್ನುವುದಕ್ಕೆ ಸಣ್ಣದೊಂದು ಲೆಕ್ಕ. ಕೇಂದ್ರ ಸರ್ಕಾರದ ಇಕೋ ನಿವಾಸ್ ಸಂಹಿತೆ 2018ರಲ್ಲಿ ಬಂತು. ಅದರ ಪ್ರಕಾರ ಮನೆಯ ಚಾವಣಿಯ ಯು-ವ್ಯಾಲ್ಯೂ 1.2 ದಾಟಬಾರದು. ಯು-ವ್ಯಾಲ್ಯೂ ಅಂದರೆ ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್ ಶಾಖ ಹಾಯುತ್ತದೆ ಅನ್ನುವ ಲೆಕ್ಕ. ಬರೀ ಐದು ಇಂಚಿನ ಮೋಲ್ಡಿಗೆ ಅದು ಸುಮಾರು 3.5 ಬರುತ್ತದೆ. ಕೆಳಗೆ 0.045 ಅಂಕಿಯ ಬೋರ್ಡ್ 25 ಮಿಲಿಮೀಟರ್ ಹಾಕಿದರೆ 1.2ಕ್ಕೆ ಇಳಿಯುತ್ತದೆ. 50 ಮಿಲಿಮೀಟರ್ ಹಾಕಿದರೆ ಸುಮಾರು 0.7. ಹತ್ತು-ಹನ್ನೆರಡು ಅಡಿ ಕೋಣೆಗೆ ಇದನ್ನು ಹಿಡಿದು ನೋಡಿ. ಬಿಸಿಲಿನ ಕಾವೂ ಸೇರಿ 25 ಡಿಗ್ರಿ ವ್ಯತ್ಯಾಸ ಅಂದುಕೊಂಡರೆ, ಬರೀ ಮೋಲ್ಡಿನಿಂದ ಇಳಿಯುವ ಶಾಖ ಒಂದು ಸಾವಿರ ವ್ಯಾಟ್ ಹತ್ತಿರ ಹೋಗುತ್ತದೆ. ಎರಡು ಇಂಚು ಬೋರ್ಡು ಇದ್ದರೆ ಇನ್ನೂರು ವ್ಯಾಟ್. ಥರ್ಮೋಕೋಲ್ ಆಗಿದ್ದರೆ 25ರ ಬದಲು 20 ಮಿಲಿಮೀಟರ್ ಸಾಕಾಗುತ್ತಿತ್ತು, ಅಷ್ಟೇ. ಐದು ಮಿಲಿಮೀಟರ್ ದಪ್ಪಕ್ಕೆ ಹೆದರಿ ನಾರು ಬಿಡಬೇಕಾಗಿಲ್ಲ.

ತಾರಸಿಯ ಮೇಲೆ ಬೇಡ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೋಲ್ಡಿನ ಮೇಲ್ಗಡೆ, ವಾಟರ್‌ಪ್ರೂಫಿಂಗ್ ಮತ್ತು ಟೈಲ್ಸ್ ನಡುವೆ ಹಾಕುವ ಇನ್ಸುಲೇಶನ್ನಿಗೆ, ಅಂದರೆ ಶಾಖ ತಡೆಯುವ ಪದರಕ್ಕೆ, ಬೆಳೆಯಿಂದ ಬಂದ ಯಾವ ಬೋರ್ಡನ್ನೂ ನಾನು ಹೇಳುವುದಿಲ್ಲ. ಟೈಲ್ಸ್ ಸಂದಿಯಲ್ಲಿ ಇಳಿದ ನೀರು ಅಲ್ಲೇ ನಿಲ್ಲುತ್ತದೆ. ಒಣಗಲು ದಾರಿ ಇರುವುದಿಲ್ಲ. ಜನ ಓಡಾಡುತ್ತಾರೆ, ಸಿಂಟೆಕ್ಸ್ ಕೂರಿಸುತ್ತಾರೆ, ಒತ್ತಡಕ್ಕೆ ಬೋರ್ಡು ಕುಸಿಯುತ್ತದೆ. ಅಲ್ಲಿಗೆ ಎಕ್ಸ್‌ಪಿಎಸ್ ಅನ್ನುವ ಗಟ್ಟಿ ಫೋಮ್ ಹಾಳೆಯೇ ಸರಿ. ನೀರು ಹೀರುವುದಿಲ್ಲ, ಭಾರ ತಡೆಯುತ್ತದೆ. ಒಲವು ನಾರಿನ ಕಡೆ ಇದ್ದರೂ ಈ ಜಾಗವನ್ನು ಬಿಟ್ಟುಕೊಡಲೇಬೇಕು.

ನಾರಿನ ಬೋರ್ಡಿನ ಜಾಗ ಮೋಲ್ಡಿನ ಕೆಳಗೆ. ಸತು ಲೇಪಿಸಿದ ತಗಡಿನ (ಜಿಐ) ಫ್ರೇಮ್ ಕಟ್ಟಿ, ಮೇಲೆ ಒಂದೆರಡು ಇಂಚು ಗಾಳಿ ಬಿಟ್ಟು, ಬೋರ್ಡು ಇಟ್ಟು, ಅದರಡಿಗೆ ಜಿಪ್ಸಮ್ ಹಾಳೆ. ಮೋಲ್ಡಿಗೆ ಅಂಟಿಸಬೇಡಿ. ಎಲ್ಲಾದರೂ ಜಿನುಗು ಶುರುವಾದರೆ ನೀರು ಬೋರ್ಡಿನೊಳಗೇ ಕೂರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಮೂಲೆಯಲ್ಲಿ ಒಂದು ಮುಚ್ಚಳ ಇಡಿಸಿ. ಮಳೆಗಾಲದಲ್ಲಿ ತೆಗೆದು, ಕೈಯಾಡಿಸಿ ನೋಡಬಹುದು.

ಕೆಳಗೆ ಹಾಕಿದಾಗ ಒಂದು ತೊಂದರೆ ಇದೆ. ಕಾವು ಒಳಗೆ ಇಳಿಯದ ಕಾರಣ ಮೋಲ್ಡು ಇನ್ನಷ್ಟು ಕಾಯುತ್ತದೆ, ಹಿಗ್ಗಿ ಕುಗ್ಗಿ ಬಿರುಕು ಬಿಡುವ ಸಂಭವ ಹೆಚ್ಚು. ಇದಕ್ಕೆ ಮೇಲ್ಗಡೆ ಬಿಳಿ ಬಳಿಸಿ. ಸುಣ್ಣವಾದರೂ ಸರಿ, ಬಿಸಿಲು ವಾಪಸ್ ಹೊಡೆಯುವ ಬಿಳಿ ಪೇಂಟ್ ಆದರೂ ಸರಿ. ನಿಜ ಹೇಳಬೇಕೆಂದರೆ ಕೈಯಲ್ಲಿ ಹಣ ಕಡಿಮೆ ಇದ್ದವರು ಬೋರ್ಡಿನ ಯೋಚನೆಗೆ ಮೊದಲು ಇದನ್ನೇ ಮಾಡಬೇಕು. ಖರ್ಚು ಕಡಿಮೆ, ಫಲ ಆ ಬೇಸಿಗೆಯಲ್ಲೇ ಗೊತ್ತಾಗುತ್ತದೆ.

ತೆಂಗಿನ ನಾರು

ನಮ್ಮ ಕಡೆಗೆ ನನ್ನ ಮೊದಲ ಆಯ್ಕೆ ಇದೇ. ತೆಂಗಿನ ನಾರಿನಲ್ಲಿ ಲಿಗ್ನಿನ್ ಅಂಶ ನೂರಕ್ಕೆ ನಲವತ್ತರ ಮೇಲಿದೆ. ಮರವನ್ನು ಗಟ್ಟಿ ಮಾಡುವ ವಸ್ತು ಅದು. ಅದಕ್ಕೇ ತೆಂಗಿನ ಹಗ್ಗ ನೀರಲ್ಲಿ ನೆನೆದರೂ ಬೇಗ ಕೊಳೆಯುವುದಿಲ್ಲ, ಹುಲ್ಲಿನ ಹುರಿ ಒಂದೇ ಮಳೆಗೆ ಕರಗಿ ಹೋಗುತ್ತದೆ. ಗೆದ್ದಲಿಗೂ ಇದು ಅಷ್ಟು ಸುಲಭದ ಊಟವಲ್ಲ. ಅಂದಮಾತ್ರಕ್ಕೆ ಗೆದ್ದಲು ಮುಟ್ಟುವುದೇ ಇಲ್ಲ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಬೊರಾಕ್ಸ್, ಬೋರಿಕ್ ಆಸಿಡ್ ದ್ರಾವಣದಲ್ಲಿ ಅದ್ದಿ ಒಣಗಿಸಿದ್ದಾ ಅಂತ ಕೇಳಿ. ಅದು ಬೂಷ್ಟಿಗೂ ಗೆದ್ದಲಿಗೂ ತಡೆ, ಬೆಂಕಿ ಹತ್ತುವುದನ್ನೂ ನಿಧಾನ ಮಾಡುತ್ತದೆ.

ಕೊಳ್ಳುವಾಗ ನಾರಿನ ಜೊತೆಗಿರುವ ಪುಡಿಯನ್ನು ಗಮನಿಸಿ. ಸಿಪ್ಪೆಯಿಂದ ನಾರು ಬಿಡಿಸುವಾಗ ಉಳಿಯುವ ಕಂದು ಪುಡಿ, ನರ್ಸರಿಯವರು ಕೋಕೋಪೀಟ್ ಅಂತ ಮಾರುವುದು, ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ. ಗಿಡಕ್ಕೆ ಅದು ವರ, ಚಾವಣಿಗೆ ಶಾಪ. ಒಳ್ಳೆಯ ಬೋರ್ಡನ್ನು ಬಿಳಿ ಹಾಳೆಯ ಮೇಲೆ ತಟ್ಟಿದರೆ ಪುಡಿ ಉದುರಬಾರದು.

ಮದ್ದೂರಿನ ಎಳನೀರು ಮಾರುಕಟ್ಟೆ ನಿಮಗೆ ಗೊತ್ತಿರುತ್ತದೆ. ಎಳನೀರು ಕುಡಿದು ಬಿಸಾಡಿದ ಬುರುಡೆ ಹೆದ್ದಾರಿ ಉದ್ದಕ್ಕೂ ಗುಡ್ಡೆ ಬಿದ್ದಿರುವುದನ್ನು ನೋಡಿದಾಗಲೆಲ್ಲ ಇದರಿಂದ ಬೋರ್ಡು ಮಾಡಬಾರದೇ ಅನ್ನಿಸುತ್ತದೆ. ಮಾಡಬಹುದು. ಆದರೆ ಎಳೆಕಾಯಿಯ ನಾರು ಬಲಿತಿರುವುದಿಲ್ಲ, ಸಿಪ್ಪೆಯಲ್ಲಿ ನೀರಿನ ಅಂಶ ವಿಪರೀತ. ಒಣಗಿಸುವುದೇ ದೊಡ್ಡ ಕೆಲಸ. ಬಲಿತ ಕಾಯಿಯ ನಾರಿನ ಬೋರ್ಡಿಗೆ ಸಮ ಅಂತ ಹೇಳಿ ಅದೇ ಬೆಲೆಗೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಕಡಿಮೆ ಬೆಲೆಗೆ, ಬೋರಾಕ್ಸ್ ಕುಡಿಸಿ ಕೊಟ್ಟರೆ ಒಣ ಜಾಗಕ್ಕೆ ಹಾಕಬಹುದು.

ಇನ್ನೊಂದು, ರಬ್ಬರ್ ಹಾಲು ಸಿಂಪಡಿಸಿದ ನಾರಿನ ಹಾಳೆ. ಹಾಸಿಗೆಗೆ ಬಳಸುವುದೇ ಅದು. ಮೆತ್ತಗಿರುತ್ತದೆ, ಫ್ರೇಮಿನ ಸಂದಿಗೆ ಚೆನ್ನಾಗಿ ಕೂರುತ್ತದೆ, ಶಬ್ದವನ್ನೂ ತಡೆಯುತ್ತದೆ. ರಬ್ಬರಿಗೆ ಬೆಂಕಿ ಬೇಗ ಹತ್ತುತ್ತದೆ. ಅಡುಗೆಮನೆ ಮೇಲೆ ಬೇಡವೇ ಬೇಡ.

ಭತ್ತದ ಹೊಟ್ಟು

ಅಗ್ಗ ಅನ್ನುವುದಾದರೆ ಇದೇ. ಭತ್ತದ ತೂಕದಲ್ಲಿ ಐದನೇ ಒಂದು ಪಾಲು ಹೊಟ್ಟು. ಮಂಡ್ಯ ಜಿಲ್ಲೆಯ ಯಾವ ಅಕ್ಕಿ ಗಿರಣಿ ಹಿಂದೆ ಹೋದರೂ ಗುಡ್ಡೆ ಕಾಣುತ್ತದೆ. ಬಾಯ್ಲರಿಗೆ, ಇಟ್ಟಿಗೆ ಗೂಡಿಗೆ, ಕೋಳಿ ಫಾರಮ್ಮಿಗೆ ಹೋಗಿಯೂ ಮಿಗುತ್ತದೆ.

ಹೊಟ್ಟಿನ ವಿಶೇಷ ಅಂದರೆ ಅದರೊಳಗಿನ ಸಿಲಿಕಾ, ಅಂದರೆ ಮರಳಿನ ಅಂಶ. ಸುಟ್ಟರೆ ತೂಕದ ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಗುಡ್ಡೆಯಿಂದ ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿ ನೋಡಿ. ಗರಗರ ಅನ್ನುತ್ತದೆ, ಚರ್ಮ ಕೆರೆಯುತ್ತದೆ. ಈ ಗಡಸುತನದಿಂದಲೇ ಅದು ಹುಲ್ಲಿನ ಹಾಗೆ ಬೇಗ ಕೊಳೆಯುವುದಿಲ್ಲ, ದನವೂ ಇಷ್ಟಪಟ್ಟು ತಿನ್ನುವುದಿಲ್ಲ. ಒಂದೊಂದು ಸಿಪ್ಪೆಯೂ ದೋಣಿಯ ಹಾಗೆ ಬಾಗಿರುವುದರಿಂದ ಒಂದರ ಮೇಲೊಂದು ಒತ್ತಾಗಿ ಕೂರದೆ ನಡುವೆ ಗಾಳಿ ಉಳಿಯುತ್ತದೆ.

ಆದರೆ ಗಿರಣಿಯಿಂದ ಚೀಲದಲ್ಲಿ ತಂದು ಸುಮ್ನೆ ಅಟ್ಟಕ್ಕೆ ಸುರಿದರೆ ಇಲಿ ಸಂಸಾರ ಹೂಡುತ್ತದೆ. ಇಲಿ ಬರುವುದು ಹೊಟ್ಟಿಗಲ್ಲ, ಅದರ ಜೊತೆಗೆ ಸೇರಿಬಂದ ನುಚ್ಚು, ತೌಡಿಗೆ. ಹಾಗಾಗಿ ತೂರಿ, ಜರಡಿ ಹಿಡಿದು, ಬಿಸಿಲಲ್ಲಿ ಒಣಗಿಸಿ, ಸ್ವಲ್ಪ ಪುಡಿ ಸುಣ್ಣ ಬೆರೆಸಿ ತುಂಬಬೇಕು. ಮುಚ್ಚಿದ ಜಾಗವೇ ಆಗಬೇಕು. ಎರಡು ಗೋಡೆ ನಡುವಿನ ಟೊಳ್ಳು, ಹಲಗೆ ಹೊಡೆದ ಅಟ್ಟದ ಮೇಲ್ಭಾಗ, ಮಂಗಳೂರು ಹೆಂಚಿನ ಕೆಳಗಿನ ಸೀಲಿಂಗ್ ಪೆಟ್ಟಿಗೆ, ಇಂಥ ಕಡೆ. ಕಾಲ ಕಳೆದ ಹಾಗೆ ಅದು ಕುಸಿದು ಕೂರುತ್ತದೆ. ಗೋಡೆಯಲ್ಲಾದರೆ ಮೇಲ್ತುದಿಯಲ್ಲಿ ಖಾಲಿ ಬೀಳುತ್ತದೆ, ಮತ್ತೆ ತುಂಬಲು ಬಾಯಿ ಇಟ್ಟಿರಬೇಕು.

ಬೆಂಕಿಯ ವಿಷಯದಲ್ಲಿ ಹುಷಾರು. ಹೊಟ್ಟು ಧಗ್ಗನೆ ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತದೆ. ಹೊರಗೆ ಹೊಗೆ ಕಾಣುವ ಹೊತ್ತಿಗೆ ಒಳಗೆ ಬಹಳ ದೂರ ಹೋಗಿರುತ್ತದೆ. ಅದರೊಳಗೆ ಬಿಡಿ ವೈರ್ ಎಳೆಯಲೇಬೇಡಿ. ಎಲ್ಲವೂ ಪೈಪಿನಲ್ಲಿ, ಜಾಯಿಂಟ್ ಎಲ್ಲ ಮುಚ್ಚಿದ ಬಾಕ್ಸಿನಲ್ಲಿ ಇರಲಿ.

ಹೊಟ್ಟಿಗೆ ಸುಣ್ಣ ಅಥವಾ ಸಿಮೆಂಟ್ ಕಲಸಿ ಬ್ಲಾಕ್, ಚಪ್ಪಡಿ ಮಾಡುವವರೂ ಇದ್ದಾರೆ. ಗಟ್ಟಿ, ಬೆಂಕಿಗೆ ಹೆದರಿಕೆ ಕಡಿಮೆ, ಇಲಿ ಕಾಟವಿಲ್ಲ. ಆದರೆ ಸಿಮೆಂಟ್ ಜಾಸ್ತಿ ಆದಷ್ಟೂ ಶಾಖ ತಡೆಯುವ ಗುಣ ಇಳಿಯುತ್ತದೆ. ಪಡುವಣ ಬಿಸಿಲಿಗೆ ಕಾಯುವ ಗೋಡೆಯ ಒಳಮೈಗೆ ಇದು ಒಳ್ಳೆಯದು, ಚಾವಣಿಗೆ ಭಾರ.

ಕಬ್ಬಿನ ಸಿಪ್ಪೆ

1933ರಲ್ಲಿ ಸ್ಥಾಪನೆಯಾದ ಮೈಶುಗರ್ ಸಕ್ಕರೆ ಕಾರ್ಖಾನೆ ಇರುವ ಮಂಡ್ಯದವರಿಗೆ ಬಗಾಸ್, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಏನು ಅಂತ ಹೇಳಬೇಕಾಗಿಲ್ಲ. ನೂರು ಕೆಜಿ ಕಬ್ಬು ಅರೆದರೆ ಸುಮಾರು ಮೂವತ್ತು ಕೆಜಿ ಸಿಪ್ಪೆ, ಅದರಲ್ಲಿ ಅರ್ಧ ನೀರು. ಇದರಿಂದ ಶಾಖ ತಡೆಯುವ ಬೋರ್ಡ್ ಮಾಡುವುದು ಹೊಸದೇನಲ್ಲ. ಅಮೆರಿಕದ ಲೂಯಿಸಿಯಾನದಲ್ಲಿ ಸೆಲೊಟೆಕ್ಸ್ ಕಂಪನಿ 1920ರ ದಶಕದಲ್ಲೇ ಮಾಡಿ ಮಾರುತ್ತಿತ್ತು.

ನಮ್ಮಲ್ಲಿ ಸಿಪ್ಪೆ ಇದೆ, ಆದರೆ ಅದು ಬೋರ್ಡಿಗೆ ಸಿಗುವುದು ಕಷ್ಟ. ಕಾರ್ಖಾನೆಯಲ್ಲಿ ಬಾಯ್ಲರಿಗೆ ಹಾಕಿ ಕರೆಂಟ್ ತೆಗೆಯುತ್ತಾರೆ, ಆಲೆಮನೆಯಲ್ಲಿ ಕೊಪ್ಪರಿಗೆ ಕೆಳಗಿನ ಒಲೆಗೇ ಹೋಗುತ್ತದೆ. ಆಲೆಮನೆಯಿಂದ ತಂದು ನಾವೇ ಮಾಡೋಣ ಎನ್ನುವವರಿಗೆ ನನ್ನ ಮಾತು: ಸಿಪ್ಪೆಯಲ್ಲಿ ಉಳಿದ ಸಕ್ಕರೆಯೇ ಶತ್ರು. ಇರುವೆ, ಬೂಷ್ಟು, ಹುಳಿ ವಾಸನೆ, ಎಲ್ಲ ಅದರಿಂದಲೇ. ಸಿಮೆಂಟಿಗಂತೂ ಸಕ್ಕರೆ ಸೇರಿದರೆ ಅದು ಹೊತ್ತಿಗೆ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಗಾರೆ ಮೇಸ್ತ್ರಿಗಳನ್ನು ಕೇಳಿ ನೋಡಿ, ಗೊತ್ತಿರುತ್ತದೆ. ಸಿಪ್ಪೆಯನ್ನು ಬಿಸಿನೀರಲ್ಲಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಮುಂದಿನ ಕೆಲಸ. ತೊಳೆಯದ ಸಿಪ್ಪೆಯ ಬೋರ್ಡಿಗಿಂತ ಬೋರ್ಡೇ ಇಲ್ಲದಿರುವುದು ಮೇಲು.

ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಬಗಾಸ್ ಬೋರ್ಡು ಸಿಕ್ಕರೆ ತೂಕ ಕೇಳಿ. ಪೀಠೋಪಕರಣಕ್ಕೆ ಬಳಸುವ ಭಾರದ ಬೋರ್ಡು ಶಾಖ ತಡೆಯುವುದಿಲ್ಲ, ಅದರಲ್ಲಿ ಗಾಳಿಯೇ ಇರುವುದಿಲ್ಲ. ಎರಡೂ ಒಂದೇ ಹೆಸರಲ್ಲಿ ಮಾರಾಟವಾಗುತ್ತವೆ. ಅಂಟು ಯಾವುದು ಅಂತಲೂ ಕೇಳಿ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಾದರೆ ಹೊಸತರಲ್ಲಿ ಕಣ್ಣು ಉರಿಯುವ ಗಾಳಿ ಬಿಡುತ್ತದೆ, ಮಕ್ಕಳು ಮಲಗುವ ಕೋಣೆಗೆ ಬೇಡ. ಬೆಳೆಯ ವಸ್ತು ಅಂತ ಆರಿಸಿಕೊಂಡು, ಅದನ್ನು ಹಿಡಿದಿಟ್ಟಿರುವ ಅಂಟನ್ನು ಮರೆತರೆ ಆರಿಸಿದ್ದಕ್ಕೆ ಅರ್ಥ ಏನು?

ನೆಲ್ಲುಲ್ಲು (ಭತ್ತದ ಹುಲ್ಲು) ಮತ್ತು ಉಳಿದವು

ಹುಲ್ಲಿನ ಪೆಂಡಿಯನ್ನೇ ಇಟ್ಟಿಗೆ ಹಾಗೆ ಜೋಡಿಸಿ ಮನೆ ಕಟ್ಟುವುದು ಅಮೆರಿಕದ ನೆಬ್ರಾಸ್ಕದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಶುರುವಾಯಿತು. ಫ್ರಾನ್ಸಿನ ಮೋಂತಾರ್ಜಿಯಲ್ಲಿ 1920ರ ಹೊತ್ತಿನ ಹುಲ್ಲಿನ ಮನೆ ಇಂದಿಗೂ ನಿಂತಿದೆ. ತೇವಾಂಶ ನೂರಕ್ಕೆ ಹದಿನೈದರೊಳಗೆ ಇದ್ದು, ಎರಡೂ ಕಡೆ ದಪ್ಪ ಮಣ್ಣು ಅಥವಾ ಸುಣ್ಣದ ಗಾರೆ ಇದ್ದರೆ ಬಹಳ ಕಾಲ ಬಾಳುತ್ತದೆ.

ಇಲ್ಲಿ ಎರಡು ತೊಡಕು. ನಮ್ಮ ಗದ್ದೆಗಳಲ್ಲಿ ಯಂತ್ರ ಸುತ್ತುವುದು ಉರುಟು ರೋಲ್, ಗೋಡೆಗೆ ಬೇಕಾದದ್ದು ಚೌಕದ ಪೆಂಡಿ. ಎರಡನೆಯದು ಹಸು. ಮೆದೆ ಒಟ್ಟಿದ ಹುಲ್ಲು ಇಲ್ಲಿ ಹೈನಿನವರ ವರ್ಷದ ಆಸರೆ. ಹೊಟ್ಟು, ನಾರು ಇರುವಾಗ ದನದ ಬಾಯಿಂದ ಕಿತ್ತು ಗೋಡೆಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ತೋಟದಲ್ಲಿ ಹೊಸದಾಗಿ ಮನೆ ಕಟ್ಟುವವರಿಗೆ, ಮಳೆಗೆ ನೆನೆದು ಮೇವಿಗೆ ಬಾರದೆ ಹೋದ ಹುಲ್ಲೂ ಉಪಯೋಗಕ್ಕೆ ಬಾರದು. ಅದರಲ್ಲಿ ಬೂಷ್ಟಿನ ಬೀಜ ಆಗಲೇ ಇರುತ್ತದೆ.

ಸ್ನಾನದ ಮನೆ ಪಕ್ಕ, ಬಟ್ಟೆ ಒಗೆಯುವ ಜಾಗ, ಹೀಗೆ ಸ್ವಲ್ಪ ತೇವ ಇದ್ದೇ ಇರುವ ಕಡೆಗೆ ವುಡ್ ವೂಲ್ ಬೋರ್ಡ್ ನೋಡಿ. ಶಾಖ ತಡೆಯುವುದು ಸ್ವಲ್ಪ ಕಡಿಮೆ, ದಪ್ಪ ಹೆಚ್ಚಿಸಬೇಕು. ಆದರೆ ಎಳೆಗೆಲ್ಲ ಸಿಮೆಂಟ್ ಹತ್ತಿರುವುದರಿಂದ ಗೆದ್ದಲಿಗೂ ಬೆಂಕಿಗೂ ಜಗ್ಗುವುದಿಲ್ಲ. ಐಎಸ್ 3308 ಅಂತ ಇದಕ್ಕೊಂದು ಭಾರತೀಯ ಮಾನಕವೂ ಇದೆ.

ಕಾರ್ಕ್ ಒಳ್ಳೆಯದು, ತೇವಕ್ಕೆ ಇವೆಲ್ಲಕ್ಕಿಂತ ಗಟ್ಟಿ. ಪೋರ್ಚುಗಲ್‌ನಂಥ ದೂರದ ದೇಶದಿಂದ ಬರಬೇಕು, ಬೆಲೆಯೂ ಹಾಗೇ. ಸೆಣಬಿನ ಹಾಗೆ ಕಾಣುವ ಹೆಂಪ್‌ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಬಹಳ ಓದುತ್ತೀರಿ. ಅದು ಗಾಂಜಾ ಜಾತಿಯ ಗಿಡ, ಬೆಳೆಯಲು ಸರ್ಕಾರದ ಪರವಾನಗಿ ಬೇಕು. ಉತ್ತರಾಖಂಡದಲ್ಲಿ ಬೆಳೆಯುತ್ತಾರೆ. ನಮ್ಮ ಜಿಲ್ಲೆಗಳಿಗೆ ಸದ್ಯಕ್ಕೆ ದೂರದ ಮಾತು.

ತುಂಡು ತಂದು ನೋಡಿ

ಯಾವುದೇ ಬೋರ್ಡ್ ಕೊಳ್ಳುವ ಮುಂಚೆ ಒಂದು ಅಡಿ ಚೌಕದ ತುಂಡು ಕೇಳಿ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಒಂದು ರಾತ್ರಿ ಬಕೆಟ್ ನೀರಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ತೆಗೆದು, ಓರೆಯಾಗಿ ನಿಲ್ಲಿಸಿ ನೀರು ಇಳಿಯಲು ಬಿಡಿ. ಅಂಚು ಉಬ್ಬಿದೆಯಾ, ಕೈಯಲ್ಲಿ ಎಳೆದರೆ ಪದರ ಬಿಡುತ್ತದಾ ನೋಡಿ. ಆಮೇಲೆ ನೆರಳಲ್ಲಿ ಒಣಗಿಸಿ, ಮೊದಲಿನ ತೂಕಕ್ಕೆ ಬರಲು ಎಷ್ಟು ದಿನ ಹಿಡಿಯಿತು ಅಂತ ಗಮನಿಸಿ. ನೆನೆಯುವುದು ತಪ್ಪಲ್ಲ, ಬೇಗ ಒಣಗಬೇಕು. ಇನ್ನೊಂದು ತುಂಡನ್ನು ಹೊರಗೆ, ಗಾಳಿಯಿಲ್ಲದ ಕಡೆ, ಕಡ್ಡಿ ಗೀರಿ ಅಂಚಿಗೆ ಹಿಡಿಯಿರಿ. ಕಡ್ಡಿ ತೆಗೆದ ಮೇಲೂ ಉರಿ ಮುಂದುವರಿದರೆ ಬೇಡ ಅನ್ನಿ. ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟು ಮೂಸಿದರೆ ಅಂಟಿನ ಗುಣ ತಿಳಿಯುತ್ತದೆ.

ಬೆಲೆಯನ್ನು ಚದರ ಅಡಿಗೆ ಎಷ್ಟು ಅಂತಷ್ಟೇ ನೋಡಿದರೆ ಮೋಸ ಹೋಗುತ್ತೀರಿ. ದಪ್ಪವನ್ನು ಮೀಟರಿನಲ್ಲಿ ಬರೆದು ಕೆ-ವ್ಯಾಲ್ಯೂನಿಂದ ಭಾಗಿಸಿ. 50 ಮಿಲಿಮೀಟರ್, ಅಂದರೆ 0.05, ಭಾಗಿಸು 0.045: ಉತ್ತರ 1.11. ಚದರ ಅಡಿಯ ಬೆಲೆಯನ್ನು ಆ ಉತ್ತರದಿಂದ ಮತ್ತೆ ಭಾಗಿಸಿ. ತೆಳ್ಳಗಿನ ಅಗ್ಗದ ಬೋರ್ಡಿಗಿಂತ ದಪ್ಪನೆಯ ದುಬಾರಿ ಬೋರ್ಡೇ ಕೆಲವು ಸಲ ಗೆಲ್ಲುತ್ತದೆ. ಫ್ರೇಮು, ಜಿಪ್ಸಮ್, ಕೂಲಿ ಎರಡಕ್ಕೂ ಒಂದೇ ತಾನೇ.

ರೇಷ್ಮೆ ಹುಳು ಮನೆಗೆ

ಇದನ್ನು ಬೇರೆಯಾಗಿ ಹೇಳಬೇಕು, ಯಾಕಂದರೆ ಕಾವಿನಿಂದ ನೇರವಾಗಿ ದುಡ್ಡು ಕಳೆದುಕೊಳ್ಳುವವರು ಇವರು. ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಹುಳುವಿಗೆ, 26ರಿಂದ 28 ಡಿಗ್ರಿ ಬೇಕು. ದೊಡ್ಡ ಹುಳುವಿಗೆ 23ರಿಂದ 25 ಡಿಗ್ರಿ, ತೇವಾಂಶ ನೂರಕ್ಕೆ ಎಪ್ಪತ್ತರ ಆಸುಪಾಸು. ಶೀಟ್ ಹೊದಿಸಿದ ಸಾಕಣೆ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಅದನ್ನು ಕಾಪಾಡುವುದು ಎಷ್ಟು ಕಷ್ಟ ಅಂತ ಸಾಕಿದವರಿಗೇ ಗೊತ್ತು.

ಇಲ್ಲಿ ಎಲ್ಲವೂ ಇನ್ಸುಲೇಶನ್ನಿಗೆ ವಿರುದ್ಧ. ಒದ್ದೆ ಗೋಣಿ ಕಟ್ಟುತ್ತಾರೆ, ನೀರು ಚಿಮುಕಿಸುತ್ತಾರೆ, ಬೆಳೆ ಬೆಳೆಗೂ ಬ್ಲೀಚಿಂಗ್ ಪೌಡರ್, ಸುಣ್ಣದ ನೀರು ಹೊಡೆಯುತ್ತಾರೆ. ಹೊಟ್ಟು, ಬಗಾಸ್ ಎರಡೂ ಇಲ್ಲಿ ನಿಲ್ಲುವುದಿಲ್ಲ. ವುಡ್ ವೂಲ್ ಬೋರ್ಡಿಗೆ ಒಳಮೈಯಲ್ಲಿ ಸುಣ್ಣದ ಗಾರೆ ಬಳಿದು ಹಾಕಬಹುದು. ತೆಂಗಿನ ನಾರಿನ ಬೋರ್ಡಾದರೆ ಶೀಟಿನ ಕೆಳಗೆ ಗಾಳಿಯ ಸಂದಿ ಬಿಟ್ಟು, ಒಳಗಡೆ ಸಿಮೆಂಟ್ ಬೋರ್ಡಿನಿಂದ ಪೂರ್ತಿ ಮುಚ್ಚಿ, ಸಂದಿಗೆಲ್ಲ ಲಪ್ಪ (ಪುಟ್ಟಿ) ತುಂಬಿಸಬೇಕು. ಮುಚ್ಚಲೇಬೇಕಾದ ಇನ್ನೊಂದು ಕಾರಣ ಬೋರಾಕ್ಸ್. ಗೆದ್ದಲನ್ನು ಕೊಲ್ಲುವ ಪುಡಿ ಸೊಪ್ಪಿನ ಮೇಲೆ ಉದುರಿದರೆ ಹುಳುವನ್ನು ಬಿಟ್ಟೀತೇ? ಕೆಲಸ ಮಾಡಿಸುವ ಮೊದಲು ಮೈಸೂರಿನ ಶ್ರೀರಾಂಪುರದಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯವರಿಗೆ ಬೋರ್ಡಿನ ತುಂಡು ತೋರಿಸಿ, ಅದಕ್ಕೆ ಏನೇನು ಕುಡಿಸಿದ್ದಾರೆ ಅಂತ ಹೇಳಿ ಕೇಳಿ. ಬೆಳೆ ಇಳಿಸಿ, ಮನೆ ಖಾಲಿ ಇರುವಾಗಲೇ ಕೆಲಸ ಮುಗಿಸಿ, ಒಳಗೆ ಚೆನ್ನಾಗಿ ಗುಡಿಸಿ ತೊಳೆದ ಮೇಲೆ ಮುಂದಿನ ಚಾಕಿ ತನ್ನಿ.